ಚಿಮಣಿ ಇಲ್ಲದ ಬೆಂಕಿ

ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡ ಗೆಳೆಯರ ಜೊತೆ ಇಂಟೀರಿಯರ್ ಮಾತು ಶುರುವಾದರೆ ಈಗೀಗ ಒಂದು ಹೊಸ ಸಾಮಾನಿನ ಹೆಸರು ಕೇಳಿಬರುತ್ತೆ: ವೆಂಟ್‌ಲೆಸ್ ಜೆಲ್ ಫೈರ್‌ಪ್ಲೇಸ್. ಟೀವಿ ಗೋಡೆಯ ಕೆಳಗೆ ಕೂರುವ ಒಂದು ಚೌಕಟ್ಟು. ಒಳಗೆ ಪಿಂಗಾಣಿಯ ಸುಳ್ಳು ಕಟ್ಟಿಗೆ, ಅದರ ಹಿಂದೆ ಆಲ್ಕೊಹಾಲ್ ಜೆಲ್ ತುಂಬಿದ ಡಬ್ಬಿ. ಕಡ್ಡಿ ಗೀರಿದರೆ ಹಳದಿ ಜ್ವಾಲೆ. ಕೆಲವದರಲ್ಲಿ ಕಟ್ಟಿಗೆ ಸಿಡಿದಂಥ ಚಟಪಟ ಸದ್ದೂ ಬರುತ್ತೆ. ಹೊಗೆ ಇಲ್ಲ, ಮಸಿ ಇಲ್ಲ, ಬೂದಿ ಬಳಿಯೋ ಕೆಲಸ ಇಲ್ಲ. ಮುಖ್ಯವಾಗಿ, ಚಿಮಣಿ ಬೇಕಿಲ್ಲ.

ಈ ಕೊನೇ ಮಾತನ್ನು ದೊಡ್ಡ ಆವಿಷ್ಕಾರ ಅನ್ನೋ ಹಾಗೆ ಹೇಳ್ತಾರೆ. ನಾನು ಸುರಪುರದ ಕಡೆಯವನು. ನಮ್ಮಲ್ಲಿ ಮನೆಯೊಳಗೆ ಉರಿದ ಬೆಂಕಿಯೆಲ್ಲ ಚಿಮಣಿ ಇಲ್ಲದ ಬೆಂಕಿಯೇ. ಅದನ್ನು ಯಾರೂ ದುಡ್ಡು ಕೊಟ್ಟು ತರಲಿಲ್ಲ, ಯಾರೂ ಅದರ ಫೋಟೋ ತೆಗೆದು ಹಾಕಲಿಲ್ಲ. ಹಾಗಾಗಿ ಈ ಹೊಸ ಸಾಮಾನನ್ನು ನೋಡಿದಾಗ ನನಗೆ ಅದರ ಬೆಲೆಗಿಂತ ಮೊದಲು ಅದರ ವಂಶಾವಳಿ ನೆನಪಾಗುತ್ತೆ. ಆ ವಂಶಾವಳಿಯ ಒಂದು ಕೊಂಬೆ ನಮ್ಮ ಬಾಣಂತಿ ಕೋಣೆಯೊಳಗೆ ಬೆಳೆದಿದೆ. ಅಲ್ಲಿಗೆ ಹೋಗೋಕೆ ಮುಂಚೆ ಸ್ವಲ್ಪ ಹಿಂದಿನಿಂದ ಬರೋಣ.

ಎಷ್ಟು ಹಿಂದಿನಿಂದ ಅಂದರೆ, ಸುಮಾರು 4,000 ವರ್ಷ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ನೆಲವನ್ನು ಪುರಾತತ್ವದವರು 'ಶೋರಾಪುರ ದೋಆಬ್' ಅಂತ ಕರೀತಾರೆ. ಶೋರಾಪುರ ಅಂದರೆ ನಮ್ಮ ಸುರಪುರವೇ, ಇಂಗ್ಲಿಷರ ಬಾಯಲ್ಲಿ ಹಾಗಾಯಿತು. ಇಲ್ಲಿ ಕೊಡೇಕಲ್ ಇದೆ, ಬೂದಿಹಾಳ ಇದೆ. ಬೂದಿಹಾಳದ ಹೆಸರಿನಲ್ಲೇ ಬೂದಿ ಇದೆ ನೋಡಿ. ಎರಡೂ ಕಡೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ಮಾಡಿದರು, ಕೊಡೇಕಲ್‌ನಲ್ಲಿ 1960ರ ದಶಕದಲ್ಲಿ, ಬೂದಿಹಾಳದಲ್ಲಿ 1990ರ ದಶಕದಲ್ಲಿ. ಅವರು ಅಗೆದದ್ದು ನವಶಿಲಾಯುಗದ ಬೂದಿದಿಬ್ಬಗಳನ್ನು. ಬಳ್ಳಾರಿ ಹತ್ತಿರದ ಕುಡತಿನಿಯಲ್ಲೂ ಇಂಥದ್ದೇ ಒಂದು ದಿಬ್ಬ ಇದೆ. 19ನೇ ಶತಮಾನದಲ್ಲಿ ಅದನ್ನು ನೋಡಿದ ಬ್ರಿಟಿಷರು ತಲೆ ಕೆರೆದುಕೊಂಡಿದ್ದರು. ಇದು ಜ್ವಾಲಾಮುಖಿಯೋ, ಹೆಣ ಸುಟ್ಟ ಜಾಗವೋ? ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಅಂದರು. 1960ರಲ್ಲಿ ಎಫ್. ಇ. ಝಾಯ್ನರ್ ಪ್ರಯೋಗಾಲಯದ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿದರು.

ಬೂದಿಹಾಳದಲ್ಲಿ ಜನ ದನದ ದೊಡ್ಡಿಯ ಮಗ್ಗುಲಲ್ಲೇ ವಾಸ ಇದ್ದರು. ಸಗಣಿ ಒಟ್ಟಿದರು, ಸುಟ್ಟರು, ಮತ್ತೆ ಒಟ್ಟಿದರು, ಮತ್ತೆ ಸುಟ್ಟರು. ಕೆಲವು ಬೂದಿದಿಬ್ಬಗಳಲ್ಲಿ ಶಾಖ ಎಷ್ಟಿತ್ತೆಂದರೆ ಬೂದಿಯೇ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಯಾಕೆ ಸುಟ್ಟರು? ಬರೀ ಕಸ ವಿಲೇವಾರಿ ಅಂತ ಒಪ್ಪೋದು ಕಷ್ಟ. ತೆಲಂಗಾಣದ ಕಡೆಯ ಉತ್ನೂರಿನ ಬೂದಿದಿಬ್ಬ ಅಗೆದ ರೇಮಂಡ್ ಆಲ್ಚಿನ್ ಇದನ್ನು ನಮ್ಮ ಹಬ್ಬಗಳ ಬೆಂಕಿಗೆ, ದನಗಳನ್ನು ಕಿಚ್ಚು ಹಾಯಿಸೋ ಪದ್ಧತಿಗೆ ಹೋಲಿಸಿದರು. ಅಂದರೆ ಅದು ಊರೆಲ್ಲ ಸೇರಿ ನೋಡುವ ಬೆಂಕಿ. ಅದಕ್ಕೆ ಆಕಾಶವೇ ಚಿಮಣಿ.

ಈ ಹೊರಗಿನ ಬೆಂಕಿಯ ಪರಂಪರೆ ನಮ್ಮ ಕಡೆ ಇವತ್ತಿಗೂ ಕಡಿದಿಲ್ಲ. ಹೋಳಿಗೆ ಕಾಮದಹನ, ಮೊಹರಮ್ಮಿಗೆ ಅಲಾಯಿ ಕುಣಿ, ವೀರಭದ್ರನ ಜಾತ್ರೆಗೆ ಅಗ್ಗಿ ಹಾಯೋದು. ಜಾತಿ ಧರ್ಮ ಯಾವುದೇ ಇರಲಿ, ನೋಡೋ ಬೆಂಕಿ ಅಂದರೆ ಬಯಲಲ್ಲಿ, ಹತ್ತು ಜನರ ಎದುರಿಗೆ. ಮನೆಯೊಳಗಿನ ಬೆಂಕಿಯನ್ನು ನಿಂತು ನೋಡೋರು ಯಾರೂ ಇರಲಿಲ್ಲ. ಅದು ದುಡಿಯೋ ಬೆಂಕಿ. ಅದರ ಮುಂದೆ ಕೂತವರು ಹೆಣ್ಣುಮಕ್ಕಳು.

ಆ ದುಡಿಯೋ ಬೆಂಕಿಯ ಹೊಗೆ ಎಲ್ಲಿ ಹೋಗ್ತಿತ್ತು? ನಮ್ಮ ಹಳೇ ಮಾಳಿಗೆ ಮನೆಗಳನ್ನು ನೋಡಿದವರಿಗೆ ಗೊತ್ತು. ದಪ್ಪ ಕಲ್ಲುಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ-ಜಂತಿ, ಮೇಲೆ ಮಣ್ಣಿನ ಮುದ್ದೆ. ಬ್ಯಾಸಗ್ಯಾಗ 40 ಡಿಗ್ರಿ ದಾಟೋ ಊರಲ್ಲಿ ಒಳಗೆ ತಂಪಿರಬೇಕು ಅಂತ ಕಿಟಕಿ ಸಣ್ಣದು, ಕಡಿಮೆ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಂಗೈ ಅಗಲಿಸಿದಷ್ಟೋ ಸ್ವಲ್ಪ ದೊಡ್ಡದೋ. ಬೆಳಕು ಬರೋದೂ ಅಲ್ಲಿಂದ, ಹೊಗೆ ಹೋಗೋದೂ ಅಲ್ಲಿಂದ. ಮಳೆ ಬಂದರೆ ಅದರ ಮೇಲೆ ಕಲ್ಲು ಮುಚ್ಚಬೇಕು. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿ, ಕುಳ್ಳು. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಮುಚ್ಚಿದ ಕಿಂಡಿ. ಆ ಎರಡು ತಿಂಗಳ ಅಡುಗೆಮನೆಯನ್ನು ಊಹಿಸಿಕೊಳ್ಳಿ.

ನಮ್ಮ ದೊಡ್ಡವ್ವ ಆ ಹೊಗೆಗೂ ಒಂದು ಲಾಭ ಹೇಳ್ತಾಳೆ: "ಹೊಗಿ ಕುಡದ ಜಂತಿಗಿ ಗೆದ್ದಲ ಹತ್ತಂಗಿಲ್ಲ ತಮ್ಮಾ." ಈ ಮಾತು ಕೇಳಿದಾಗ ನನಗೆ ಆಶ್ಚರ್ಯ ಆಯಿತು. ಯಾಕಂದ್ರೆ ಇದೇ ಮಾತನ್ನು ಇಂಗ್ಲೆಂಡಿನ ಮುದುಕರೂ ಹೇಳಿದ್ದರು, 400 ವರ್ಷಕ್ಕೂ ಹಿಂದೆ.

ಚಿಮಣಿ ಅಂದ ಕೂಡಲೆ ನಮಗೆ ಇಂಗ್ಲೆಂಡ್ ನೆನಪಾಗುತ್ತೆ. ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿದ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಎಳೆಯ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇದ್ದ ಮನೆ ಅದು. ನಮ್ಮ ಕಡೆಯ ಶಿಲಾಸಮಾಧಿಗಳನ್ನು, ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು ಹೊರಜಗತ್ತಿಗೆ ತಿಳಿಸಿದವನೂ ಅವನೇ. ಅಂಥವರ ನಾಡಿನಲ್ಲಿ ಮನೆಮನೆಗೂ ಚಿಮಣಿ ಮೊದಲಿಂದಲೂ ಇತ್ತು ಅಂತ ನಾವು ಅಂದುಕೊಳ್ತೀವಿ. ಇರಲಿಲ್ಲ. ಅಲ್ಲಿನ ಸಾಮಾನ್ಯರ ಮನೆಗಳಲ್ಲೂ ನಡುಮನೆಯಲ್ಲಿ ಬೆಂಕಿ, ಚಾವಣಿಯ ಸಂದಿಯಿಂದ ಹೊಗೆ. 1577ರಲ್ಲಿ ವಿಲಿಯಂ ಹ್ಯಾರಿಸನ್ ಅನ್ನೋ ಪಾದ್ರಿ ತನ್ನ ಊರಿನ ಮುದುಕರು ಅಚ್ಚರಿಪಡುತ್ತಿದ್ದ ಸಂಗತಿಗಳನ್ನು ಬರೆದಿಟ್ಟ. ಅದರಲ್ಲಿ ಒಂದು, ಇತ್ತೀಚೆಗೆ ಎದ್ದ ಲೆಕ್ಕವಿಲ್ಲದಷ್ಟು ಚಿಮಣಿಗಳು. ಹಳೇ ಹೊಗೆಯೇ ಮನೆಯ ಮರವನ್ನು ಗಟ್ಟಿ ಮಾಡ್ತಿತ್ತು, ಮನೆಯವರನ್ನೂ ಆರೋಗ್ಯವಾಗಿ ಇಡ್ತಿತ್ತು ಅನ್ನೋ ನಂಬಿಕೆಯನ್ನೂ ಅವನು ದಾಖಲಿಸಿದ್ದಾನೆ. ಮುಂದೆ ಅಲ್ಲಿ ಚಿಮಣಿ ಎಷ್ಟು ಸಾಮಾನ್ಯ ಆಯಿತು ಅಂದರೆ 1662ರಲ್ಲಿ ಸರ್ಕಾರ ಮನೆಯ ಒಲೆಗಳನ್ನು ಎಣಿಸಿ ತೆರಿಗೆ ಹಾಕಿತು. ಜನ ಬೈದು ಬೈದು 1689ರಲ್ಲಿ ಅದು ರದ್ದಾಯಿತು.

ನಮಗೆ ಚಿಮಣಿ ಬಂದದ್ದು ಬೇರೆ ದಾರಿಯಲ್ಲಿ. ಮೊದಲು ಬಂದದ್ದು ಹೆಸರು ಮಾತ್ರ. ಸೀಮೆಎಣ್ಣೆ ದೀಪದ ಗಾಜಿನ ಬುರುಡೆಗೆ ಇಂಗ್ಲಿಷಿನಲ್ಲಿ ಚಿಮ್ನಿ ಅಂತಾರೆ. ನಮ್ಮಲ್ಲಿ ಆ ಹೆಸರು ದೀಪಕ್ಕೇ ಅಂಟಿಕೊಂಡಿತು. ಆಮೇಲೆ ಗಾಜೂ ಇಲ್ಲದ, ಬರೀ ಡಬ್ಬಿಗೆ ಬತ್ತಿ ತುರುಕಿದ ದೀಪವೂ ಚಿಮಣಿ ಆಯಿತು. ಅದಕ್ಕೆ ಹಾಕೋದು ಚಿಮಣಿ ಎಣ್ಣಿ. ಅಂದರೆ ಹೊಗೆಯನ್ನು ಹೊರಗೆ ಒಯ್ಯುವ ವಸ್ತುವಿನ ಹೆಸರು, ಓದೋ ಮಕ್ಕಳ ಮೂಗಿಗೆ ಮಸಿ ಹಿಡಿಸುವ ವಸ್ತುವಿಗೆ ಬಂತು! ಈಗ ಫ್ಲ್ಯಾಟಿನ ಗ್ಯಾಸ್ ಒಲೆಯ ಮೇಲೆ ಕೂತಿರೋ ಕರೆಂಟಿನ ಯಂತ್ರಕ್ಕೂ ಚಿಮ್ನಿ ಅಂತಲೇ ಹೆಸರು. ಅದರಲ್ಲೂ ಕೆಲವಕ್ಕೆ ಹೊರಗೆ ಹೋಗೋ ಕೊಳವೆಯೇ ಇರೋದಿಲ್ಲ. ಗಾಳಿಯನ್ನು ಸೋಸಿ ಮತ್ತೆ ಅದೇ ಅಡುಗೆಮನೆಗೆ ಬಿಡುತ್ತವೆ.

ನಿಜವಾದ ಚಿಮಣಿಯನ್ನು ಹಳ್ಳಿ ಒಲೆಗೆ ಕೂರಿಸಲು ಕರ್ನಾಟಕದಲ್ಲಿ ಒಂದು ಗಟ್ಟಿ ಪ್ರಯತ್ನ ನಡೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರುಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಅಲ್ಲಿಂದ ಬಂದದ್ದು ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಅಸ್ತ್ರ ಒಲೆ. 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಬಂತು. ಒಳ್ಳೇ ಒಲೆ, ಕಟ್ಟಿಗೆಯೂ ಉಳೀತಿತ್ತು. ಆದರೆ ಜ್ವಾಳದ ರೊಟ್ಟಿ ಮಾಡೋರಿಗೆ ಉರಿ ಕಣ್ಣೆದುರಿಗೆ ಬೇಕು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಮುಂದೆ ಒರಗಿಸಿ ಕಡಕ್ ಮಾಡಬೇಕು. ಒಲೆಯ ಬಾಯಿ ಚಿಕ್ಕದಾಗಿ, ಉರಿ ಒಳಗೇ ಮುಚ್ಚಿಹೋದರೆ ಆ ಕೆಲಸ ಆಗೋದಿಲ್ಲ. ಇನ್ನು ಮಣ್ಣಿನ ಮಾಳಿಗೆಗೆ ತೂತು ಕೊರೆದು ಕೊಳವೆ ಹಾಕಿದರೆ ಮಳೆಗಾಲದಲ್ಲಿ ಸೋರುವ ಚಿಂತೆ ಬೇರೆ. 2011ರ ಜನಗಣತಿ ಹೊತ್ತಿಗೂ ದೇಶದ ಶೇ. 49ರಷ್ಟು ಮನೆಗಳ ಅಡುಗೆ ಸೌದೆಯಲ್ಲೇ ನಡೀತಿತ್ತು. ಎಲ್‌ಪಿಜಿ ಇದ್ದದ್ದು ಶೇ. 28.5ರಷ್ಟು ಮನೆಗಳಲ್ಲಿ. 2016ರಲ್ಲಿ ಉಜ್ವಲಾ ಬಂದ ಮೇಲೆ ಸಿಲಿಂಡರ್ ಹಳ್ಳಿಹಳ್ಳಿ ಮುಟ್ಟಿತು. ಆದರೂ ಹಿತ್ತಲಲ್ಲಿ ನೀರೊಲೆ, ರೊಟ್ಟಿ ಒಲೆ ಇನ್ನೂ ಉರೀತಾವೆ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 32 ಲಕ್ಷ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು.

ಇದು ಅಡುಗೆ ಬೆಂಕಿಯ ಕಥೆ. ಫೈರ್‌ಪ್ಲೇಸ್ ಅಡುಗೆಗೆ ಅಲ್ಲವಲ್ಲ, ಮೈ ಕಾಯಿಸೋಕೆ ಅಲ್ವಾ ಅಂತ ನೀವು ಕೇಳಬಹುದು. ಸರಿ. ಮೈ ಕಾಯಿಸೋ ಬೆಂಕಿಗೆ ಕನ್ನಡದಲ್ಲಿ ಹಳೆಯ ಪದ ಒಂದಿದೆ: ಅಗ್ಗಿಷ್ಟಿಕೆ. ಅಲ್ಲಿಂದಿಲ್ಲಿಗೆ ಎತ್ತಿ ಇಡಬಹುದಾದ, ಕೆಂಡ ತುಂಬಿದ ಪಾತ್ರೆ. ನಮ್ಮ ಕಡೆ ಶೇಗಡಿ ಅಂತೀವಿ. ಜೆಲ್ ಫೈರ್‌ಪ್ಲೇಸಿನ ನಿಜವಾದ ಅಜ್ಜಿ ಇದೇ. ಚಿಮಣಿ ಇಲ್ಲ, ಗೋಡೆಗೆ ಕಟ್ಟಬೇಕಿಲ್ಲ, ಹೊಗೆಯೂ ಕಾಣೋದಿಲ್ಲ. ಯಾಕಂದರೆ ಕಟ್ಟಿಗೆಯೋ ಕುಳ್ಳೋ ಹೊರಗೆ ಉರಿದು, ಹೊಗೆಯೆಲ್ಲ ಹೋದ ಮೇಲೆ ಬರೀ ಕೆಂಡವನ್ನು ಒಳಗೆ ತರ್ತಾರೆ.

ಬ್ಯಾಸಗಿ ಊರಲ್ಲಿ ಇದು ಯಾರಿಗೆ ಬೇಕು? ಬಾಣಂತಿಗೆ. ಹಸಿಮೈ, ಗಾಳಿ ಬಡೀಬಾರದು ಅಂತ. ಒಳಗಿನ ಕೋಣೆ, ಹೊರಸು, ಹೊರಸಿನ ಕೆಳಗೆ ಕೆಂಡ. ಕೆಂಡದ ಮೇಲೆ ಒಂದಿಷ್ಟು ಅಜವಾನ, ಬಳ್ಳೊಳ್ಳಿ ಸಿಪ್ಪಿ, ಲೋಬಾನ. ಕೂಸೂ ಅದೇ ಕೋಣೆಯಲ್ಲಿ. ಈ ಬಗ್ಗೆ ದೊಡ್ಡವ್ವನನ್ನು ಕೂರಿಸಿಕೊಂಡು ಕೇಳಿದ್ದೆ.

"ಐದು ಹಡದೀನಿ ತಮ್ಮಾ. ಐದೂ ಬಾಣಂತನದಾಗ ಹೊರಸಿನ ಕೆಳಗ ಕೆಂಡ ಇತ್ತು. ಬಾಗಲಾ ಮುಚ್ಚತಿದ್ರು, ಕಿಂಡಿಗಿ ಅರಬಿ ತುರಕತಿದ್ರು."

"ತಲಿ ಸುತ್ತತಿದ್ದಿಲ್ಲೇನು ದೊಡ್ಡವ್ವಾ?"

"ಸುತ್ತತಿತ್ತು. ತಲಿ ನೋಯ್ತಿತ್ತು, ಹೊಟ್ಟಿ ತೊಳಸತಿತ್ತು. ಹಡದಾಕಿಗಿ ಇದೇನು ಹೊಸಾದೇನು? ನಿತ್ರಾಣ ಆಗ್ಯಾದ, ಇನ್ನೊಂದೀಟು ಕೆಂಡ ಹಾಕ್ರಿ ಅಂತಿದ್ಲು ನಮ್ಮತ್ತಿ."

ತಲೆನೋವು, ತಲೆಸುತ್ತು, ಹೊಟ್ಟೆ ತೊಳಸೋದು. ಯಾವುದೇ ವೈದ್ಯಕೀಯ ಪುಸ್ತಕ ತೆಗೆದರೂ ಇಂಗಾಲದ ಮಾನಾಕ್ಸೈಡ್ ವಿಷದ ಮೊದಲ ಲಕ್ಷಣಗಳು ಇವೇ. ಗಾಳಿ ಸಾಲದ ಕೆಂಡದಿಂದ ಈ ಅನಿಲ ಹೆಚ್ಚು ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಇದು ಹೋಗಿ ಕೂರುತ್ತೆ, ಅದೂ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ಉತ್ತರ ಭಾರತದಿಂದ ಪ್ರತಿ ಚಳಿಗಾಲ, ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಬೆಳಗ್ಗೆ ಏಳಲಿಲ್ಲ ಅನ್ನೋ ಸುದ್ದಿ ಬರುತ್ತಲ್ಲ, ಅದೇ ಅನಿಲ. ಹೊಗೆ ಕಾಣೋದಿಲ್ಲ ಅನ್ನೋದೇ ಶೇಗಡಿಯ ಗುಣ. ಅದೇ ಅದರ ಅಪಾಯ. ಒಲೆಯ ಹೊಗೆ ಕಣ್ಣು ಉರಿಸಿ ಹೊರಗಾದರೂ ಓಡಿಸುತ್ತೆ. ಕೆಂಡ ಸುಮ್ಮನೆ ಮಲಗಿಸುತ್ತೆ.

ಇದನ್ನು ಹೇಳುವಾಗ ಆ ಅತ್ತೆಯನ್ನು ಹಂಗಿಸೋ ಮನಸ್ಸು ನನಗಿಲ್ಲ. ಕೆಂಡ ಹೊತ್ತು ತಂದವಳಿಗೆ ಸೊಸೆಯ ಮೇಲೆ ಕಾಳಜಿಯೇ ಇತ್ತು. ಬಿಸಿ ಬೇಕು ಅನ್ನೋದೂ ಸುಳ್ಳಲ್ಲ, ಹುಟ್ಟಿದ ಕೂಸನ್ನು ಬೆಚ್ಚಗಿಡಬೇಕು ಅಂತ ಡಾಕ್ಟರೂ ಹೇಳ್ತಾರೆ. ತಪ್ಪಿದ್ದು ಕಿಂಡಿಗೆ ತುರುಕಿದ ಅರಬಿಯಲ್ಲಿ. ಜೊತೆಗೆ, ಒಳಗೆ ಮಲಗಿದಾಕೆಯ ತಲೆಸುತ್ತನ್ನು ಅವಳ ನಿತ್ರಾಣ ಅಂದುಕೊಂಡದ್ದರಲ್ಲಿ. ಅಡುಗೆಮನೆಯ ಕೆಮ್ಮನ್ನೂ ಹೀಗೇ ವಯಸ್ಸಿನ ಲೆಕ್ಕಕ್ಕೆ ಹಾಕಿದೆವು. ಬೆಂಕಿಯ ಖರ್ಚು ಹೆಣ್ಣಿನ ಮೈಯ ಖಾತೆಗೆ ಬಿತ್ತು.

ಇದೇ ಖಾತೆಯಲ್ಲಿ ಇನ್ನೊಂದು ಪುಟ ಇದೆ. 1892ರಲ್ಲಿ ಸ್ವೀಡನ್ನಿನಲ್ಲಿ ಲಿಂಡ್‌ಕ್ವಿಸ್ಟ್ ಎಂಬಾತ ಪ್ರೈಮಸ್ ಅನ್ನೋ ಪಂಪ್ ಸ್ಟವ್ ಮಾಡಿದ. ಅದರ ಮಕ್ಕಳು ಮೊಮ್ಮಕ್ಕಳು ಯಾದಗಿರಿಯ ಬಾಡಿಗೆ ಮನೆಗಳವರೆಗೂ ಬಂದವು. ಕಟ್ಟಿಗೆಯ ಹೊಗೆ ಇಲ್ಲ, ಚಿಮಣಿ ಬೇಕಿಲ್ಲ. ನಮ್ಮ ಅವ್ವಂದಿರಿಗೆ ಅದು ಬಿಡುಗಡೆಯೇ. ಆದರೆ 'ಸ್ಟವ್ ಸಿಡಿದು ಗೃಹಿಣಿ ಸಾವು' ಅನ್ನೋ ಶೀರ್ಷಿಕೆ ಓದುತ್ತಲೇ ಒಂದು ತಲೆಮಾರು ಬೆಳೆಯಿತು. ಕೆಲವು ನಿಜಕ್ಕೂ ಅಪಘಾತ. ಬಿಸಿ ಸ್ಟವ್ವಿಗೆ ಎಣ್ಣೆ ಸುರಿದದ್ದು, ಸೆರಗು ತಾಗಿದ್ದು. ಕೆಲವು ಅಪಘಾತ ಆಗಿರಲಿಲ್ಲ. ವರದಕ್ಷಿಣೆ ಕೊಲೆಗಳಿಗೆ ಸ್ಟವ್ ಒಂದು ನೆಪ ಆಗಿತ್ತು. ದಂಡಸಂಹಿತೆಗೆ 1983ರಲ್ಲಿ 498ಎ, 1986ರಲ್ಲಿ 304ಬಿ ಸೇರಿದ್ದರ ಹಿಂದೆ ಹೀಗೆ ಸುಟ್ಟುಹೋದ ಹೆಣ್ಣುಮಕ್ಕಳಿದ್ದಾರೆ.

ಈಗ ಜೆಲ್ ವಿಷಯಕ್ಕೆ ಬರೋಣ. ಈ ಇಂಧನವೂ ಅಷ್ಟು ಹೊಸದಲ್ಲ. 20ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಸ್ಟರ್ನೌ ಕಂಪನಿ ಆಲ್ಕೊಹಾಲನ್ನು ಮುದ್ದೆ ಮಾಡಿ ಡಬ್ಬಿಯಲ್ಲಿ ತುಂಬಿ ಸ್ಟರ್ನೋ ಅಂತ ಮಾರಿತು. ಮದುವೆ ಬಫೆಯಲ್ಲಿ ಪಲ್ಯದ ಪಾತ್ರೆಯ ಕೆಳಗೆ ಸಣ್ಣಗೆ ಉರೀತಿರೋ ಡಬ್ಬಿ ನೋಡಿದ್ದೀರಲ್ಲ, ಅದೇ ಜಾತಿ. ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಜೆಲ್ ಇದರ ದಾಯಾದಿ. ಇಂಥ ಎಥನಾಲ್ ಜೆಲ್ ಚೆನ್ನಾಗಿ ಉರಿದರೆ ಮಸಿ ಬಹುಪಾಲು ಇಲ್ಲ ಅನ್ನೋದು ಖರೇ. ಶೇಗಡಿಯಷ್ಟು ಮಾನಾಕ್ಸೈಡೂ ಬರೋದಿಲ್ಲ. ಆದರೆ 'ಏನೂ ಬರೋದಿಲ್ಲ' ಅನ್ನೋದು ಖರೇ ಅಲ್ಲ. ಹೈಸ್ಕೂಲ್ ರಸಾಯನಶಾಸ್ತ್ರದ ಲೆಕ್ಕ ಹಾಕಿ. 1 ಲೀಟರ್ ಶುದ್ಧ ಎಥನಾಲ್ ಉರಿದರೆ ಸುಮಾರು 6 ಯೂನಿಟ್ ಶಾಖ ಸಿಗುತ್ತೆ, 2,000 ವಾಟ್ ಹೀಟರನ್ನು ಮೂರು ಗಂಟೆ ಹಚ್ಚಿದಷ್ಟು. ಜೊತೆಗೆ ಸುಮಾರು ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್, ಒಂದು ಲೀಟರಿಗೆ ತುಸು ಕಡಿಮೆ ನೀರಿನ ಆವಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ ಬರೀ ಕಾಲು ಲೀಟರ್ ಉರಿಸಿದರೆ ಡೈಆಕ್ಸೈಡ್ ಪ್ರಮಾಣ ಶೇ. 0.5ರ ಹತ್ತಿರ ಏರುತ್ತೆ. ಹೊರಗಿನ ಗಾಳಿಯಲ್ಲಿ ಅದು ಶೇ. 0.04. ಅಷ್ಟು ಹೊತ್ತಿಗೆ ಕೋಣೆಯ ಆಮ್ಲಜನಕವನ್ನು ನಿಮ್ಮ ಜೊತೆ ಬೆಂಕಿಯೂ ಉಸಿರಾಡಿರುತ್ತೆ. ಆಮ್ಲಜನಕ ಕಡಿಮೆ ಆದಷ್ಟೂ ಉರಿ ಕೆಡುತ್ತೆ, ಮಾನಾಕ್ಸೈಡ್ ಶುರುವಾಗುತ್ತೆ.

ಇನ್ನೊಂದು ಅಪಾಯ ಸ್ಟವ್ವಿನದೇ ಮರುಕಳಿಕೆ. ಆಲ್ಕೊಹಾಲಿನ ಸಣ್ಣ ಜ್ವಾಲೆ ಬೆಳಕಿನಲ್ಲಿ ಕಾಣೋದೇ ಇಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಜೆಲ್ ಸುರಿದರೆ ಬೆಂಕಿ ಬಾಟಲಿಗೇ ಹತ್ತಿ ಎದುರಿದ್ದವರ ಮೇಲೆ ಚಿಮ್ಮುತ್ತೆ. ಜೆಲ್ ಆದ್ದರಿಂದ ಮೈಗೆ ಅಂಟಿಕೊಂಡು ಉರಿಯುತ್ತೆ. ಅಮೆರಿಕದಲ್ಲಿ ಇಂಥ ಸುಟ್ಟಗಾಯ, ಸಾವುಗಳ ನಂತರ 2011ರ ಸೆಪ್ಟೆಂಬರಿನಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 9 ಕಂಪನಿಗಳ ಸುರಿಯುವ ಜೆಲ್ ಇಂಧನವನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿತು.

ಹಾಗಾದರೆ ತಗೋಬೇಡಿ ಅಂತೀಯಾ ಅಂದರೆ, ಅದು ನಿಮ್ಮ ಇಷ್ಟ. ಬೆಂಕಿ ಮುಂದೆ ಕೂರೋ ಆಸೆ ಮನುಷ್ಯನಿಗೆ ಸಹಜ, ಬೂದಿಹಾಳದವರಿಗೂ ಇತ್ತು. ಬಯಲಿನ ನೋಡೋ ಬೆಂಕಿಯನ್ನು ಮನೆಯೊಳಗೆ ತಂದವರಲ್ಲಿ ನಮ್ಮ ಕಡೆಯಿಂದ ನಾವೇ ಮೊದಲಿಗರು ಇರಬೇಕು. ತಂದರೆ ಕಿಟಕಿ ತೆರೆದಿರಲಿ, ಎಸಿ ಕೋಣೆ ಬೇಡ. ಸುರಿಯೋ ಬಾಟಲಿ ಬೇಡ, ಮುಚ್ಚಳದ ಡಬ್ಬಿಯೇ ಇರಲಿ. ಪೂರ್ತಿ ತಣ್ಣಗಾಗೋವರೆಗೂ ಹೊಸ ಡಬ್ಬಿ ಇಡಬೇಡಿ. ಮಾನಾಕ್ಸೈಡ್ ಅಲಾರಂ ಆನ್‌ಲೈನ್ ಸಿಗುತ್ತೆ, ತಗೊಳ್ಳಿ. ಬಾಣಂತಿ, ಕೂಸು, ದಮ್ಮಿನವರು ಇರೋ ಮನೆಯಲ್ಲಿ ಆ ಕೋಣೆಗೆ ಇದು ಬೇಡವೇ ಬೇಡ. ಬೆಂಕಿ ಮುಂದೆ ಕೂತ ಯಾರಾದರೂ ತಲೆ ಸುತ್ತುತ್ತೆ ಅಂದರೆ, ಸುಸ್ತಾಗಿರಬೇಕು ಅಂತ ಸಮಾಧಾನ ಹೇಳೋಕೆ ಮೊದಲು ಎದ್ದು ಬಾಗಿಲು ತೆಗೀರಿ.

ಅಂಗಡಿಯವನು 'ಸರ್, ಇದಕ್ಕೆ ಚಿಮಣಿ ಬೇಕಿಲ್ಲ' ಅಂದಾಗ ಒಂದೇ ಪ್ರಶ್ನೆ ಕೇಳಿ. ಮಣ್ಣಿನ ಮನೆ ಕಟ್ಟಿದ ನಮ್ಮ ಮುತ್ತ್ಯಾಗೂ ಹೊಳೆದಿದ್ದ ಪ್ರಶ್ನೆ ಅದು: ಬೆಳಕಿಂಡಿ ಎಲ್ಲಿ?